ಮಣ್ಣಾಗದ ಹಾಳೆ

ಪಾರಂಪಳ್ಳಿ, ಸಾಲಿಗ್ರಾಮ
೧೧ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಪಂಕಜಾಕ್ಷಿಗೆ,

ಮೊದಲು ನಿನ್ನ ಮೊಣಕಾಲಿನ ಸ್ಥಿತಿಯನ್ನು ತಿಳಿಸು. ಡೊಂಬಿವಲಿಯ ಆ ಕಟ್ಟಡದ ಲಿಫ್ಟು ಕೆಟ್ಟ ದಿನ ತರಕಾರಿಗೆಂದು ಇಳಿಯಬೇಡ, ಅಳಿಯಂದಿರು ಕಚೇರಿಯಿಂದ ಬರುವಾಗ ತರುತ್ತಾರೆ ಎಂದು ನಾನು ಹೇಳಿದ್ದನ್ನು ನೀನು ಪಾಲಿಸಿರುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಕೇಳುವುದು ನನ್ನ ಕರ್ತವ್ಯ. ಶಾಂಭವಿಯ ಸೊಂಟನೋವು ಇಳಿಯಿತೆ? ಮಗು ಈಗಲಾದರೂ ಸರಿಯಾಗಿ ನಿದ್ದೆ ಮಾಡುತ್ತಿದೆಯೆ? ಮಗುವಿಗೆ ಡಯಾಪರ್ ಕಟ್ಟಬೇಕೋ ಬಟ್ಟೆ ಕಟ್ಟಬೇಕೋ ಎಂಬುದರ ಬಗ್ಗೆ ತಾಯಿಗೂ ಮಗಳಿಗೂ ನಡೆದ ವಾಗ್ವಾದವನ್ನು ರವಿಶಂಕರ್ ಫೋನಿನಲ್ಲಿ ಅತ್ಯಂತ ತಟಸ್ಥರಾಗಿ ವರದಿ ಮಾಡಿದರು. ನನ್ನ ಹಳೆಯ ಪಂಚೆಗಳನ್ನು ಹರಿದು ನೀನು ಮುಂಬಯಿಗೆ ಒಯ್ದಿದ್ದೀಯೆಂಬುದು ನನಗೆ ತಿಳಿದದ್ದು ಆಗ. ಮೊಮ್ಮಗಳಿಗೆ ಉಪಯೋಗವಾದರೆ ಸಂತೋಷವೇ. ಆದರೆ ಅವುಗಳಲ್ಲಿ ಒಂದು ಹಳೆಯದಾಗಿರಲಿಲ್ಲ. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಸರಸ ಮಧ್ಯಾಹ್ನಕ್ಕೆ ಒಂದು ಸಾರು ಮಾಡಿಟ್ಟು ಹೋಗುತ್ತಾಳೆ. ಉಪ್ಪಿನ ವಿಷಯದಲ್ಲಿ ಆಕೆಗೆ ನಿಶ್ಚಿತವಾದ ಅಭಿಪ್ರಾಯವಿಲ್ಲ ಎಂಬುದನ್ನು ಬಿಟ್ಟರೆ ಹೇಳಿಕೊಳ್ಳುವ ತೊಂದರೆಯೇನೂ ಇಲ್ಲ.

ಫೋನು ಇರುವಾಗ ಪತ್ರವೇಕೆಂದು ನೀನು ಕೇಳಬಹುದು. ನೀನೇ ಹೇಳಿದ್ದು. ನಾಮಕರಣಕ್ಕೆ ನಾನು ಬರುವ ವಿಷಯವನ್ನು ಕಳೆದ ವಾರ ನೀನು ಎತ್ತಿದಾಗ ನಾನು ತಡವರಿಸಿದೆನಲ್ಲ, ಆಗ ನೀನು ‘ಬಾಯಂಗೆ ಹೇಳುಕಾಗ್ದಿದ್ರೆ ಬರ್ದಾರೂ ಕಳ್ಸಿ ಮರ್ರೆ’ ಎಂದು ಫೋನು ಇಟ್ಟುಬಿಟ್ಟೆ. ಅದಲ್ಲದೆ, ನಮ್ಮ ಮನೆಯಲ್ಲಿ ಫೋನಿನ ಮಾತು ಕೇಳಿಸುವುದು ಗೇಟಿನ ಹತ್ತಿರ ನಿಂತರೆ ಮಾತ್ರ. ರಸ್ತೆಯಲ್ಲಿ ಹೋಗುವ ಹಳೆಯ ವಿದ್ಯಾರ್ಥಿಗಳೆಲ್ಲ ಕೈಮುಗಿಯುತ್ತಿರುವಾಗ ಪ್ಯಾಡಿನ ತಳಹಾಳೆಯ ಗುಣದೋಷಗಳನ್ನು ಕೂಗಿ ಹೇಳುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಈಗ ನೀನು ವಹಿಸಿ ಹೋದ ಕೆಲಸದ ವಿಚಾರ. ಉತ್ತರಕ್ಕೆ ಮೊದಲು ಪ್ರಶ್ನೆಯನ್ನು ಪೂರ್ತಿ ಬರೆಯಬೇಕೆಂದು ಮಕ್ಕಳಿಗೆ ಹೇಳುತ್ತಿದ್ದವನು ನಾನು. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಒಮ್ಮೆ ಬರೆಯುತ್ತೇನೆ. ದನ ಕಟ್ಟುತ್ತಿದ್ದ ನಮ್ಮ ಹಟ್ಟಿಯಲ್ಲಿ ನೀನೂ ಉಮಾವತಿಯೂ ಸರಸಳೂ ರಮಿತಾಳೂ ಸೇರಿ ಮುಟ್ಟಿನ ಪ್ಯಾಡು ಮಾಡಲು ತೊಡಗಿದಾಗ ಅದರ ಪೊಟ್ಟಣದ ಮೇಲಿನ ವಾಕ್ಯವನ್ನು ಬರೆದುಕೊಟ್ಟವನು ನಾನು. ‘ಪರಿಸರಸ್ನೇಹಿ’ ಎಂಬುದು ಯಾರೂ ಪರೀಕ್ಷಿಸಲಾರದ ಮಾತು, ಅದು ಬೇಡ ಎಂದೆ. ‘ಕರಗುತ್ತದೆ’ ಎಂಬುದೂ ಸಲ್ಲದು, ಕರಗುವುದು ಉಪ್ಪು, ನಾರು ಕೊಳೆಯುತ್ತದೆ ಎಂದೆ. ಕೊನೆಗೆ ‘ಬಳಸಿದ ಮೇಲೆ ಮಣ್ಣಿನಲ್ಲಿ ಹೂತರೆ ಒಂದು ಮಳೆಗಾಲದೊಳಗೆ ಮಣ್ಣಾಗುತ್ತದೆ’ ಎಂದು ಬರೆದೆ. ಆ ವಾಕ್ಯ ಅಂದಿಗೆ ನಿಜವಾಗಿತ್ತು. ಮೈಗೆ ತಾಗುವ ಮೇಲ್ಪದರ ಹತ್ತಿ. ಹೀರುವ ನಡುಪದರ ಸಿದ್ದಾಪುರದಿಂದ ಬರುವ ಬಾಳೆನಾರು. ಒದ್ದೆ ಹೊರಬಾರದಂತೆ ತಡೆಯುವ ತಳಹಾಳೆ ಮರಗೆಣಸಿನ ಹಿಟ್ಟಿನದು. ಮೂರೂ ಮಣ್ಣಾಗುವಂಥವು.

ಮರಗೆಣಸಿನ ಹಾಳೆಯ ದೋಷಗಳನ್ನು ಕಂಡವಳು ನೀನು. ಅದು ದಪ್ಪ, ನಡೆದರೆ ಸದ್ದು ಮಾಡುತ್ತದೆ, ಆಷಾಢದ ಥಂಡಿಗೆ ಕೆಲವೊಮ್ಮೆ ಪೊಟ್ಟಣದೊಳಗೇ ಮೆತ್ತಗಾಗುತ್ತದೆ. ಬ್ರಹ್ಮಾವರದ ವ್ಯಾಪಾರಿ ರಂಜನ್ ಜೋಳದ ಪಿಷ್ಟದಿಂದ ಮಾಡಿದ ಹೊಸ ಹಾಳೆಯನ್ನು ತಂದು ತೋರಿಸಿದ್ದು ಆಗ: ರೇಷ್ಮೆಯಂತೆ ತೆಳು, ಸದ್ದಿಲ್ಲ, ಸೋರುವುದಿಲ್ಲ, ಬೆಲೆಯೂ ಕಡಿಮೆ. ಇದೂ ಮಣ್ಣಾಗುತ್ತದೆಯೆಂದು ಅವನು ಹೇಳಿದ. ನೀನು ಅವನ ಮಾತನ್ನು ಅಲ್ಲಗಳೆಯದೆ, ಹಾಗೆಂದು ನಂಬಿಯೂ ಬಿಡದೆ, ಹೊರಡುವ ಮುನ್ನ ಜೂನ್ ತಿಂಗಳಲ್ಲಿ ಎರಡೂ ಬಗೆಯ ಪ್ಯಾಡುಗಳನ್ನು ಹಟ್ಟಿಯ ಹಿಂದಿನ ತರಕಾರಿ ಸಾಲಿನ ಎರಡು ತುದಿಗಳಲ್ಲಿ ಹೂತು, ಗುರುತಿಗೆ ಒಂದೊಂದು ತೆಂಗಿನ ಗೆರಟೆಯನ್ನು ಕವುಚಿಟ್ಟು, ಮಳೆ ಹೋದ ಮೇಲೆ ತೆಗೆದು ನೋಡಬೇಕೆಂದು ನನಗೆ ಹೇಳಿ ಹೋದೆ. ಬಹಳ ಸರಿಯಾದ ಕ್ರಮ. ನನ್ನ ವಿಜ್ಞಾನದ ಸಹೋದ್ಯೋಗಿಗಳಲ್ಲಿ ಕೆಲವರಿಗೂ ಇಷ್ಟು ಹೊಳೆಯುತ್ತಿರಲಿಲ್ಲ.

ಈ ನಡುವೆ ಕಿರಿಮಂಜೇಶ್ವರದ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದಿಂದ ಬೇಡಿಕೆ ಬಂದಿರುವುದನ್ನು ಉಮಾವತಿ ನಿನಗೆ ತಿಳಿಸಿರಬೇಕು. ಅಲ್ಲಿಯ ಮೇಲ್ವಿಚಾರಕಿ ಕಮಲ ಎಂಬಾಕೆ ಸ್ವತಃ ಬಂದು ಹಟ್ಟಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದರು. ಅವರ ಕಷ್ಟ ಸರಳವಾದದ್ದು. ಪೇಟೆಯ ಪ್ಯಾಡುಗಳನ್ನು ಸುಟ್ಟರೆ ನೆರೆಮನೆಯವರ ತಕರಾರು, ಪಾಯಿಖಾನೆಗೆ ಹಾಕಿದರೆ ಪೈಪು ಕಟ್ಟುತ್ತದೆ, ಹೂಳೋಣವೆಂದರೆ ಕಡಲ ಬದಿಯ ಹೊಯಿಗೆ ನೆಲ, ಬರೀ ಮರಳು. ಸ್ವಲ್ಪ ತೋಡಿದರೆ ನೀರು, ಬಾವಿಯೂ ಅಲ್ಲೇ. ‘ಹುಗ್ದದ್ ಹುಗ್ದಾಂಗೇ ಇದ್ರೆ ನಾನ್ ಆ ಗುಂಡಿ ಹೊತ್ಕಂಡ್ ಎಲ್ಲಿಗ್ ಹೋಪ್ದ್?’ ಎಂದು ಕೇಳಿದರು. ಮಣ್ಣಾಗುತ್ತದೆಯೆಂದು ನಾವು ಬರೆದುಕೊಟ್ಟರೆ ವರ್ಷವಿಡೀ ನಮ್ಮಿಂದಲೇ ಕೊಳ್ಳುತ್ತಾರೆ. ಆದರೆ ಅವರಿಗೆ ಒಪ್ಪಿಗೆಯಾದದ್ದು ಹೊಸ ಹಾಳೆಯ ಪ್ಯಾಡು. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು.

ದೀಪಾವಳಿ ಕಳೆದ ಮೇಲೆ ಎಲ್ಲರನ್ನೂ ಕರೆದು ಗೆರಟೆಗಳಿದ್ದ ಎರಡೂ ಜಾಗಗಳನ್ನು ತೋಡಿಸಿದೆ. ಹಳೆಯ ಹಾಳೆಯದು ಇರಲಿಲ್ಲ. ಹೊಸ ಹಾಳೆಯದೂ ಇರಲಿಲ್ಲ. ನಾರಿನ ಎಳೆಯಿಲ್ಲ, ಹಾಳೆಯ ಚೂರಿಲ್ಲ. ಉಮಾವತಿ ಮೊಣಕೈವರೆಗೆ ಮಣ್ಣಿನಲ್ಲಿ ಕೈಯಾಡಿಸಿ, ‘ಕಾಣಿ ಮಾಷ್ಟ್ರೇ, ಒಂದ್ ಚೂರೂ ಇಲ್ಲೆ. ಎಲ್ಲಾ ಮಣ್ಣಾಯಿತ್ತ್’ ಎಂದಳು. ಸರಸ ಅಲ್ಲಿಂದಲೇ ಪಾಯಸಕ್ಕೆ ಹೊರಟಳು. ನನಗೆ ಆ ಮಣ್ಣಿನ ಬಣ್ಣ ಹಿಡಿಸಲಿಲ್ಲ. ಸುತ್ತಲಿನ ನೆಲ ಕಪ್ಪಗೆ ಅಂಟಂಟಾಗಿರುವಾಗ ಗೆರಟೆಯ ಅಡಿಯದು ಮಾತ್ರ ಹೊಸ ಹೊಯಿಗೆಯಂತೆ ಬೆಳ್ಳಗಿತ್ತು. ತೋಟದ ಕೆಲಸದ ಸೀನನನ್ನು ಕರೆದು ಕೇಳಿದೆ. ಅವನು ಯಾವ ಸಂಕೋಚವೂ ಇಲ್ಲದೆ ಹೇಳಿದ: ನವರಾತ್ರಿ ಕಳೆದು ಬಿಸಿಲು ಬಿದ್ದಾಗ ಪ್ರತಿವರ್ಷದಂತೆ ಸುಡುಮಣ್ಣು ಮಾಡಿದನಂತೆ. ಹರಿವೆಗೂ ಅಲಸಂಡೆಗೂ ಬೇಕಲ್ಲ. ತರಗೆಲೆ, ಮಡಲು, ಕಸಕಡ್ಡಿಗಳನ್ನು ಒಟ್ಟಿ ಮೇಲೆ ಮಣ್ಣು ಮುಚ್ಚಿ ಒಳಗೊಳಗೇ ಬೇಯಿಸುವುದು. ಅದಕ್ಕೆ ಸಡಿಲವಾದ ಮಣ್ಣು ಯಾವುದೆಂದು ನೋಡಿದರೆ ಹೊಸದಾಗಿ ತೋಡಿ ಮುಚ್ಚಿದ್ದ ನಿನ್ನ ಎರಡು ಗುಂಡಿಗಳದೇ. ಬಾಚಿ ಹಾಕಿದ, ಒಳಗೆ ಏನಿತ್ತು, ಏನಿರಲಿಲ್ಲ ಎಂಬುದನ್ನು ನೋಡುವ ಗೋಜಿಗೆ ಹೋಗಲಿಲ್ಲ. ಹಾಗಾದರೆ ಗೆರಟೆಗಳು ಇದ್ದಲ್ಲೇ ಹೇಗಿದ್ದವು ಎಂದೆ. ‘ಅಮ್ಮ ಇಟ್ಟ ಗೆರಟೆ ಅಲ್ದಾ, ನಾನ್ ಯಾಕ್ ಹಂದ್ಸುದ್? ಗುಂಡಿಗೆ ಬೇರೆ ಹೊಯ್ಗಿ ತುಂಬ್ಸಿ ಮತ್ತ್ ಅಲ್ಲೇ ಇಟ್ಟಿದೆ’ ಎಂದ. ನಿನ್ನ ಮೇಲೆ ಅವನಿಗಿರುವ ಗೌರವದಿಂದಾಗಿ ನಮ್ಮ ಪರೀಕ್ಷೆಯ ಗುರುತು ಉಳಿಯಿತು, ಪರೀಕ್ಷೆ ಉಳಿಯಲಿಲ್ಲ. ನಾನು ಅವನನ್ನು ಬೈಯಲಿಲ್ಲ. ಹರಿವೆ ಚೆನ್ನಾಗಿ ಎದ್ದಿದೆ.

ಅಂದು ಮಧ್ಯಾಹ್ನ ಹಟ್ಟಿಯಲ್ಲಿ ಸಭೆ ನಡೆಯಿತು. ಸುಡುವ ಮೊದಲೇ ಅದು ಮಣ್ಣಾಗಿರಬಹುದು, ಆಗಿರಲಿಲ್ಲವೆಂದು ಯಾರು ಕಂಡರು ಎಂಬುದು ಉಮಾವತಿಯ ವಾದ. ಅವಳ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ‘ಹುಡ್ಗೀರ್ ಬಸ್ಸಂಗ್ ನಿಂತ್ಕಂಡ್ ಹೋಪ್ದ್ ಮಾಷ್ಟ್ರೇ. ಹಳೆ ಶೀಟ್ ಹಂದೀರೆ ಪರಪರ ಅಂತತ್ತ್. ಪಕ್ಕದಂಗ್ ನಿಂತರಿಗೆಲ್ಲ ಕೇಣತ್ತ್. ನೀವ್ ಒಂದ್ ಸಲ ಕಟ್ಕಂಡ್ ಕಾಣಿ, ಗೊತ್ತಾತ್ತ್’ ಎಂದಳು. ಎಲ್ಲರೂ ನಕ್ಕರು. ನಾನು ಬ್ರಹ್ಮಾವರಕ್ಕೆ ಹೋಗಿ ರಂಜನನನ್ನು ವಿಚಾರಿಸಿಕೊಂಡು ಬಂದದ್ದನ್ನು ಹೇಳಿದೆ. ಈ ಹಾಳೆ ಮಣ್ಣಾಗುವುದು ಎಷ್ಟು ಶಾಖದಲ್ಲಿ ಎಂದು ನಾನು ಕೇಳಿದ್ದಕ್ಕೆ ಅವನು, ‘ಸರ್ಟಿಫಿಕೇಟ್ ಇತ್ತಲ್ದಾ ಸರ್, ಮತ್ತೆಂತ ಬೇಕ್?’ ಎಂದಿದ್ದ. ಕುಂದಾಪುರದಲ್ಲಿ ರಸಾಯನಶಾಸ್ತ್ರ ಕಲಿಸುವ ನಮ್ಮ ರಜತ್ ವಿವರಿಸಿದ್ದು ಹೀಗೆ: ಇಂಥ ಹಾಳೆಗಳಲ್ಲಿ ಕೆಲವು ದೊಡ್ಡ ಗೊಬ್ಬರದ ರಾಶಿಯೊಳಗಿನ ಕುದಿಬಿಸಿಗೆ ಮಾತ್ರ ಮುರಿಯುತ್ತವೆ, ತಣ್ಣನೆಯ ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೇ ಇರುತ್ತವೆ, ಇದು ಯಾವ ಜಾತಿಯದೆಂದು ಹೂತು ನೋಡದೆ ಹೇಳಲಾಗದು. ಇಷ್ಟನ್ನು ಹೇಳಿ, ಇದು ಮಣ್ಣಾಗುವುದಿಲ್ಲ, ನಾವು ಬರೆದುಕೊಡಬಾರದು ಎಂದೆ.

ಆಗ ಉಮಾವತಿ ಕೆಲಸ ನಿಲ್ಲಿಸಿ ನನ್ನನ್ನು ನೋಡಿದಳು. ‘ಆಪ್ದಿಲ್ಲೆ ಅಂದೇಳಿ ನಿಮಗ್ ಹ್ಯಾಂಗ್ ಗೊತ್ತಾಯ್ತ್? ಏಳನೇ ಕ್ಲಾಸಂಗೆ ನಮ್ಮನ್ನ್ ನಿಲ್ಸಿ ಕೇಂತಿದ್ದದ್ದ್ ನೀವೇ ಅಲ್ದಾ, ಹೇಗೆ ಗೊತ್ತು, ಹೇಗೆ ಗೊತ್ತು ಅಂದೇಳಿ. ಈಗ ನೀವ್ ಹೇಳಿ’ ಎಂದಳು. ಸರಸ ಪಕ್ಕದಿಂದ, ‘ದೇವ್ರೇ ಬಂದ್ ಬರ್ದ್ ಕೊಟ್ರೂ ಮಾಷ್ಟ್ರ್ ಕೆಂಪ್ ಪೆನ್ನ್ ತೆಗಿತ್ರ್’ ಎಂದು ಸೇರಿಸಿದಳು. ಮೂವತ್ತು ವರ್ಷ ಮಕ್ಕಳಿಗೆ ಕೇಳಿದ ಪ್ರಶ್ನೆ ನನಗೇ ಬಂತು. ಉತ್ತರ ನನ್ನಲ್ಲಿ ಇರಲಿಲ್ಲವೆಂದಲ್ಲ. ಆ ಹಟ್ಟಿಯಲ್ಲಿ ಕುಳಿತು ಹೇಳಬಹುದಾದ ಉತ್ತರ ಅದಾಗಿರಲಿಲ್ಲ. ಮಾಷ್ಟ್ರಿಗೆ ಹಟ ಎಂದು ಅವರು ತೀರ್ಮಾನಿಸಿದರು. ಕೊನೆಗೆ ಉಮಾವತಿಯೇ, ‘ಅಮ್ಮನತ್ರ ಕೇಂಬ. ಅವ್ರ್ ಹೂಂ ಅಂದ್ರೆ ಹೂಂ, ಅಲ್ಲ ಅಂದ್ರೆ ಅಲ್ಲ’ ಎಂದು ಸಭೆಯನ್ನು ಮುಗಿಸಿದಳು. ಈಗ ನಿರ್ಧಾರ ನಿನ್ನ ಕೈಯಲ್ಲಿದೆ. ಹೊಸದಾಗಿ ಹೂತು ನೋಡಲು ಇನ್ನೊಂದು ಮಳೆಗಾಲ ಬೇಕು. ಕಮಲ ಅಷ್ಟು ಕಾಯಲಾರರು. ನೀನು ಹೂಂ ಎಂದರೆ ಡಿಸೆಂಬರಿನಿಂದ ಹೊಸ ಹಾಳೆಯ ಪ್ಯಾಡುಗಳು ನಾನು ಬರೆದ ಆ ವಾಕ್ಯದೊಂದಿಗೆ ಕಿರಿಮಂಜೇಶ್ವರದ ಬಾವಿಯ ಪಕ್ಕದ ಗುಂಡಿಗೆ ಹೋಗುತ್ತವೆ. ಅಲ್ಲ ಎಂದರೆ ರಮಿತಾಳಿಗೆ ಈ ವರ್ಷ ಪೂರ್ಣ ಕೆಲಸವಿರುವುದಿಲ್ಲ. ಅವಳು ಉಡುಪಿಯ ಬಟ್ಟೆ ಅಂಗಡಿಗೆ ಹೋಗುವ ಮಾತಾಡುತ್ತಿದ್ದಾಳೆ. ಎರಡನ್ನೂ ತೂಗಿ ನೋಡು.

ಇನ್ನುಳಿದ ಸಮಾಚಾರ. ನಾಡಿದ್ದು ತುಳಸಿಪೂಜೆ; ನೆಲ್ಲಿಕೊಂಬೆಯನ್ನು ಸೀನ ತರುತ್ತಾನೆ. ಸೇವಾನಿವೃತ್ತ ಅಧ್ಯಾಪಕರ ಸಭೆಗೆ ಈ ಸಲ ಹೋಗಲಿಲ್ಲ. ಅಲ್ಲಿಯ ಭಾಷಣಗಳು ದೀರ್ಘವಾಗುತ್ತಿವೆ. ಯಕ್ಷಗಾನ ಮೇಳದ ತಿರುಗಾಟ ಈ ತಿಂಗಳಲ್ಲೇ ಆರಂಭವಾಗುತ್ತದೆ. ಆಟಕ್ಕೆ ಹೋಗುವ ಉತ್ಸಾಹವೂ ಇಲ್ಲ. ನಾಮಕರಣಕ್ಕೆ ನಾನು ಬಾರದ ವಿಚಾರದಲ್ಲಿ ಶಾಂಭವಿಗೆ ಬೇಸರವಾಗಿದೆಯೆಂದು ಬಲ್ಲೆ. ಮನೆ ನೋಡಿಕೊಳ್ಳುವವರು ಬೇಕು, ಹರಿವೆಗೆ ನೀರು ಹಾಕಿಸಬೇಕು, ರೈಲಿನಲ್ಲಿ ಅಷ್ಟು ಹೊತ್ತು ಕೂರುವುದು ಈ ವಯಸ್ಸಿಗೆ ಹಿತವಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಲು ತಂದೆಯಿದ್ದಾರೆ. ಅಜ್ಜನ ಉಪಸ್ಥಿತಿ ಅನಿವಾರ್ಯವೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ನೀವು ಆರಿಸಿದ ಹೆಸರು ಚೆನ್ನಾಗಿದೆ. ‘ಶ್ರಾವ್ಯ’ ಎಂದರೆ ಕೇಳಲು ಹಿತವಾದದ್ದು. ಅಳುವಾಗಲೂ ಹಾಗಿದ್ದರೆ ಮನೆಯವರ ಪುಣ್ಯ.

ಶಾಂಭವಿಗೂ ರವಿಶಂಕರರಿಗೂ ನನ್ನ ಆಶೀರ್ವಾದವನ್ನು ತಿಳಿಸು. ಮಗುವಿನ ನೆತ್ತಿಗೆ ಎಣ್ಣೆ ಇಡುವಾಗ ಒಂದು ದಿನ ನನ್ನ ಹೆಸರಿನಲ್ಲಿಯೂ ಇಡು. ನಿನ್ನ ಮೊಣಕಾಲಿಗೂ ಅದೇ ಎಣ್ಣೆ ಆಗುತ್ತದೆ, ಉಳಿಸಿಕೊಂಡರೆ.

ನಿನ್ನವನೇ ಆದ
ವಿಷ್ಣುಮೂರ್ತಿ ಮಯ್ಯ

ಲಕೋಟೆ ಅಂಟಿಸುವ ಮುನ್ನ: ರಮಿತಾ ಕುಂದಾಪುರದ ಬಸ್ಸಿಗೆ ಹೊರಟವಳು ಪತ್ರಕ್ಕಾಗಿ ಗೇಟಿನಲ್ಲಿ ಕಾಯುತ್ತಿದ್ದಾಳೆ. ಬೇಗ ಬರೆಯುತ್ತೇನೆ. ಮೇಲೆ ಕ್ಷೇಮವೆಂದು ಬರೆದದ್ದು ಪೂರ್ತಿ ಸರಿಯಲ್ಲ. ನೀನು ಹೊರಟ ಮೇಲೆ, ಜುಲೈಯಿಂದ, ನನಗೆ ಮೂತ್ರ ತಡೆಯಲಾಗುತ್ತಿಲ್ಲ. ಎದ್ದು ಹೋಗುವಷ್ಟರಲ್ಲಿ ಆಗಿಬಿಡುತ್ತದೆ. ಬ್ರಹ್ಮಾವರಕ್ಕೆ ಹೋದದ್ದು ರಂಜನನನ್ನು ಕಾಣಲು ಮಾತ್ರವಲ್ಲ, ವೈದ್ಯರನ್ನೂ ಕಂಡೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆಯಂತೆ. ಪರೀಕ್ಷೆಗಳೆಲ್ಲ ಆದವು, ಹೆದರುವಂಥದ್ದಿಲ್ಲ, ಮಾತ್ರೆ ಕೊಟ್ಟಿದ್ದಾರೆ, ಗುಣ ಕಾಣಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಮಾಡುವುದೇನು? ಹಟ್ಟಿಯಲ್ಲಿ ಮಾದರಿಗೆಂದು ಇಟ್ಟ ಪೊಟ್ಟಣಗಳಿದ್ದವು. ಉಮಾವತಿ ಒಂದು ಸಲ ಕಟ್ಟಿಕೊಂಡು ನೋಡಿ ಎಂದಾಗ ನಾನು ಕಟ್ಟಿಕೊಂಡೇ ಕುಳಿತಿದ್ದೆ. ಮೊದಲು ಹಳೆಯ ಹಾಳೆಯವು, ಅವು ಮುಗಿದ ಮೇಲೆ ಆಗಸ್ಟಿನಿಂದ ಹೊಸವು. ಬೆಳಿಗ್ಗೆ ಹೂ ಕೊಯ್ಯಲು ಹೋದಾಗ ಹಿತ್ತಲಿನ ಹಲಸಿನ ಮರದ ಆಚೆ ಹೂಳುತ್ತಿದ್ದೆ. ಸೀನ ಅಲ್ಲಿಯ ಮಣ್ಣನ್ನು ಮುಟ್ಟಿಲ್ಲ.

ಸಭೆಗೆ ಮೊದಲೇ ಅಲ್ಲಿ ತೋಡಿ ನೋಡಿದ್ದೆ, ನಿನ್ನೆ ಮತ್ತೊಮ್ಮೆ ನೋಡಿದೆ. ಹಳೆಯ ಹಾಳೆಯವು ಇಲ್ಲ, ಬೇರಿನ ನಡುವೆ ಮಣ್ಣೇ. ಹೊಸವುಗಳಲ್ಲಿ ಹತ್ತಿ ಹೋಗಿದೆ, ನಾರು ಹೋಗಿದೆ, ಹಾಳೆ ಮಾತ್ರ ಒಂದೂ ಹರಿಯದೆ ಇದೆ. ತೊಳೆದರೆ ಪುಸ್ತಕಕ್ಕೆ ಹೊದಿಕೆ ಹಾಕಬಹುದು. ಹೇಗೆ ಗೊತ್ತು ಎಂಬುದಕ್ಕೆ ಉತ್ತರ ಇದು. ಉಮಾವತಿಗೆ ನೀನೇ ಫೋನಿನಲ್ಲಿ ಹೇಳು. ಯಾರು ಬಳಸಿ ಹೂತದ್ದೆಂದು ಕೇಳದೆ ಬಿಡುವವಳಲ್ಲ, ನನ್ನ ಹೆಸರನ್ನೇ ಹೇಳಿಬಿಡು, ಮರದ ಹತ್ತಿರ ಕರೆದೊಯ್ದು ನಾನು ತೋರಿಸುತ್ತೇನೆ. ಕಮಲರಿಗೆ ಹಳೆಯ ಹಾಳೆಯದನ್ನೇ ಕೊಡೋಣ. ಸದ್ದು ತಗ್ಗಿಸಲು ನಾರಿಗೂ ಹಾಳೆಗೂ ನಡುವೆ ಇನ್ನೊಂದು ಹತ್ತಿಯ ಪದರ ಸಾಕೆಂದು ತೋರುತ್ತದೆ. ನಾನು ಹಾಗೆ ಸೇರಿಸಿ ನೋಡಿದೆ, ಸದ್ದು ಅಡಗಿತು. ಗಂಡಸರಿಗಾದರೆ ಮುಂಭಾಗ ನಾಲ್ಕು ಬೆರಳು ಉದ್ದ ಬೇಕು, ಅದನ್ನೂ ಉಮಾವತಿಗೆ ಹೇಳು. ಊರಿನಲ್ಲಿ ಕೇಳಲಾರದವರು ಇನ್ನೂ ಇರಬಹುದು.

ನಾಮಕರಣಕ್ಕೆ ಬರುವುದಿಲ್ಲವೆಂದದ್ದು ಹರಿವೆಗಾಗಿ ಅಲ್ಲವೆಂದು ಈಗ ತಿಳಿದಿರಬೇಕು. ಮತ್ಸ್ಯಗಂಧ ರೈಲಿನಲ್ಲಿ ಜನರ ನಡುವೆ ಅಷ್ಟು ಹೊತ್ತು ಹೇಗೆಂದು ಹೆದರಿದ್ದೆ. ರವಿಶಂಕರ್ ಟಿಕೆಟು ತೆಗೆಯುವುದಾದರೆ ಕುಂದಾಪುರದಿಂದ ತೆಗೆಯಲಿ, ಕೆಳಗಿನ ಬರ್ತ್, ಬಾಗಿಲಿಗೆ ಹತ್ತಿರದ್ದು. ಕಾರಣವನ್ನು ಶಾಂಭವಿಗೆ ನೀನೇ ಹೇಳು. ಆ ಪಂಚೆಯ ತುಂಡುಗಳಲ್ಲಿ ಮಗುವಿಗೆ ಬೇಕಾದದ್ದನ್ನು ಬಿಟ್ಟು ಮಿಕ್ಕದ್ದನ್ನು ನನಗೆ ಒಗೆದಿಟ್ಟಿರು.